ಕರಡಿ, ಕೊಂಡುಕುರಿ ಎರಡಕ್ಕೂ ‘ನಿಶಾಚರ’ ಅನ್ನಬಹುದಾ?

ಜಗಳೂರು ಮೇಷ್ಟ್ರು: ನಮ್ಮ ಪಕ್ಕದ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಅಭಯಾರಣ್ಯದ ಪ್ರಾಣಿಗಳ ಬಗ್ಗೆ ಶಾಲೆ ಗೋಡೆಗೆ ಫಲಕ ಬರೆಸ್ತಾ ಇದೀವಿ. ಕರಡು ಹೀಗಿದೆ: “ನಿಶಾಚಾರ ಪ್ರಾಣಿಗಳು: ಚಿರತೆ, ಕರಡಿ, ಮುಳ್ಳುಹಂದಿ, ಕೊಂಡುಕುರಿ. ಇವು ಇರುಳುಗಣ್ಣಿನ ಪ್ರಾಣಿಗಳು.” ನಿಶಾಚರ, ನಿಶಾಚರಿ, ನಿಶಾಚಾರ, ಇದರಲ್ಲಿ ಯಾವುದು ಸರಿ? ಪಟ್ಟಿಯಲ್ಲಿ ತಪ್ಪಿದ್ದರೆ ಅದನ್ನೂ ಹೇಳಿ.

ಹಳೇಪೇಟೆ: ಮೇಷ್ಟ್ರೇ, ಮೊದಲು ಆ ದೀರ್ಘ ತೆಗೀರಿ. ನಿಶಾ + ಚರ = ನಿಶಾಚರ, ರಾತ್ರಿ ಸಂಚರಿಸುವುದು. ಜಲಚರ, ಖೇಚರ ಇದೇ ಅಚ್ಚಿನವು. ‘ನಿಶಾಚಾರ’ ಅಂದ್ರೆ ರಾತ್ರಿ ಹೊತ್ತಿನ ಆಚಾರ ಅಂತಾಗುತ್ತೆ, ಮಕ್ಕಳು ಮಾಟಮಂತ್ರ ಅಂದುಕೊಂಡಾರು.

‘ನಿಶಾಚರಿ’ ಸಂಸ್ಕೃತದಲ್ಲಿ ಸ್ತ್ರೀಲಿಂಗ. ಪಾಣಿನಿಯ ‘ಚರೇಷ್ಟಃ’ ಸೂತ್ರಕ್ಕೆ ಕೊಡುವ ಉದಾಹರಣೆಯೇ ಕುರುಚರ, ಸ್ತ್ರೀಲಿಂಗದಲ್ಲಿ ಕುರುಚರೀ. ಹಳೆಯ ಕಾವ್ಯದಲ್ಲಿ ನಿಶಾಚರಿ ಅಂದ್ರೆ ರಾಕ್ಷಸಿ. ಈಗಿನ ಕನ್ನಡದಲ್ಲಿ ಮಾತ್ರ ಸಸ್ಯಾಹಾರಿ, ಮಾಂಸಾಹಾರಿಗಳ ಜೊತೆ ಸೇರಿಕೊಂಡು ‘ನಿಶಾಚರಿ ಪ್ರಾಣಿ’ ಅಂತ ಎಲ್ಲದಕ್ಕೂ ನಡೀತಿದೆ. ಅದನ್ನ ತಪ್ಪು ಅನ್ನಲಾರೆ, ಆದರೆ ಫಲಕಕ್ಕೆ ‘ನಿಶಾಚರ’ ವಾಸಿ. ಬಹುವಚನದಲ್ಲೂ ಹುಷಾರು: ನಿಶಾಚರಗಳು ಅಂದ್ರೆ ಪ್ರಾಣಿಗಳು, ನಿಶಾಚರರು ಅಂದ್ರೆ ರಾಕ್ಷಸರು. ಮಿಲ್ಲಿನ ರಾತ್ರಿ ಪಾಳಿಯವರನ್ನ ನಿಶಾಚರರು ಅಂದ್ರೆ ಕುಚೋದ್ಯ, ಅಷ್ಟೇ.

ದೊಡ್ಡ ತಪ್ಪು ಎರಡನೇ ವಾಕ್ಯದಲ್ಲಿದೆ. ಇರುಳುಗಣ್ಣು ಅಂದ್ರೆ ಇರುಳುಗುರುಡು, ವಿಟಮಿನ್ ಎ ಕೊರತೆಯಿಂದಲೂ ಬರುವ ದೋಷ. ನೀವು ಹೇಳಬೇಕಾದದ್ದಕ್ಕೆ ಪೂರಾ ಉಲ್ಟಾ. “ಕತ್ತಲಲ್ಲೂ ಕಣ್ಣು ಕಾಣುವ” ಅಂತ ಬಿಡಿಸಿಯೇ ಬರೀರಿ.

ಜೋಗಿಮಟ್ಟಿ ಗಾಳಿ: ಪದ ಸರಿಹೋಯ್ತು, ಪಟ್ಟಿ ಇನ್ನೂ ಸರಿಯಿಲ್ಲ. ಕೊಂಡುಕುರಿ ಹಗಲಿನ ಪ್ರಾಣಿ, ಅದನ್ನ ಅಲ್ಲಿಂದ ತೆಗೀರಿ. ಮೇಯೋದು ಹೆಚ್ಚಾಗಿ ಬೆಳಗ್ಗೆ, ಸಂಜೆ. ಬಿಸಿಲೇರಿದಾಗ ಪೊದೆ ನೆರಳಲ್ಲಿ ಇರುತ್ತೆ. ಒಂಟಿಯಾಗಿ ಅಡಗಿಕೊಂಡೇ ಇರೋದರಿಂದ ಕಣ್ಣಿಗೆ ಬೀಳೋದು ಅಪರೂಪ, ಹಾಗಾಗಿ ರಾತ್ರಿ ಪ್ರಾಣಿ ಅಂತ ಹೆಸರು ಬಂದಿರಬೇಕು. ಅದರದ್ದೇ ಅಭಯಾರಣ್ಯದ ಪಕ್ಕದಲ್ಲಿ ಅದರ ಬಗ್ಗೆಯೇ ತಪ್ಪು ಬರೆದರೆ ಚೆನ್ನಾಗಿರಲ್ಲ. ಗಂಡಿಗೆ ಮಾತ್ರ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ ಅನ್ನೋದನ್ನೂ ಚಿತ್ರ ಬರೆಯೋರಿಗೆ ಹೇಳಿಬಿಡಿ.

ಮುಳ್ಳುಹಂದಿ ಪಕ್ಕಾ ನಿಶಾಚರ, ಹಗಲೆಲ್ಲ ಬಿಲದಲ್ಲಿ. ಚಿರತೆ ಬಹುಮಟ್ಟಿಗೆ ಹಾಗೇ, ಆದರೆ ಜನರ ಓಡಾಟ ಕಮ್ಮಿ ಇರೋ ಕಡೆ ಹಗಲಲ್ಲೂ ಕಾಣಿಸಿಕೊಳ್ಳುತ್ತೆ. ಕರಡಿ ವಿಷಯದಲ್ಲಿ ಮಾತ್ರ ‘ನಿಶಾಚರ’ ಅಂತ ಬರೆದು ಕೈತೊಳ್ಕೋಬೇಡಿ. ಓದಿದವರು “ಸರಿ, ಬೆಳಕಿದ್ದಾಗ ಭಯ ಇಲ್ಲ” ಅಂದುಕೊಳ್ತಾರೆ. ಹಗಲಲ್ಲಿ ಕಲ್ಲುಗವಿಯಲ್ಲಿ, ದಟ್ಟ ಪೊದೆಯಲ್ಲಿ ಮಲಗಿರೋ ಕರಡಿ ಮೇಲೆ ಹೋಗಿ ಬಿದ್ದರೆ ಅದು ಗಾಬರಿಯಿಂದಲೇ ಮೈಮೇಲೆ ಬರುತ್ತೆ. ಹುತ್ತದ ಗೆದ್ದಲಿಗೆ, ಎಲಚಿ ಹಣ್ಣಿಗೆ ಹೊತ್ತು ಮುಳುಗೋಕೆ ಮುಂಚೆ ಹೊರಟಿರುತ್ತೆ, ಬೆಳಕು ಹರಿದ ಮೇಲೂ ತಿರುಗ್ತಿರುತ್ತೆ. ಸೌದೆಗೆ, ಕುರಿ ಮೇಯಿಸೋಕೆ ಹೋಗೋರು ಎದುರಾಗೋದೂ ಅದೇ ಹೊತ್ತಲ್ಲಿ. “ಮುಸ್ಸಂಜೆಯಿಂದ ಬೆಳಗಿನವರೆಗೆ ತಿರುಗುತ್ತದೆ, ಹಗಲು ಗವಿ ಮತ್ತು ಪೊದೆಗಳಲ್ಲಿರುತ್ತದೆ, ಹತ್ತಿರ ಹೋಗಬೇಡಿ” ಅಂತ ಬರೆದರೆ ಉಪಯೋಗ.

ಹಳೇಪೇಟೆ: ನಸುಕು, ಮುಸ್ಸಂಜೆಯಲ್ಲಿ ತಿರುಗುವವಕ್ಕೆ ‘ಸಂಧ್ಯಾಚರ’ ಅನ್ನಬಹುದು, ಹಗಲಿನವಕ್ಕೆ ‘ದಿವಾಚರ’. ಐದನೇ ಕ್ಲಾಸಿನವರಿಗೆ ಎರಡೂ ಭಾರ. “ನಸುಕು-ಮುಸ್ಸಂಜೆಯ ಪ್ರಾಣಿ” ಸಾಕು.

ಜಗಳೂರು ಮೇಷ್ಟ್ರು: ಇಬ್ಬರಿಗೂ ವಂದನೆ. ಕೊಂಡುಕುರಿ ಜಾಗಕ್ಕೆ ಗೂಬೆ, ಬಾವಲಿ ಹಾಕ್ತೀವಿ. ಕೊನೇ ಸಾಲಲ್ಲಿ “ಸೊಳ್ಳೆ ನಿಶಾಚರ, ರಾತ್ರಿ ಪರದೆ ಕಟ್ಟಿ” ಅಂತ ಸೇರಿಸಬಹುದಾ?

ಜೋಗಿಮಟ್ಟಿ ಗಾಳಿ: ಎಲ್ಲಾ ಸೊಳ್ಳೆಗೂ ಬೇಡ. ಮಲೇರಿಯಾದ ಅನಾಫಿಲಿಸ್, ಆನೆಕಾಲು ರೋಗದ ಕ್ಯೂಲೆಕ್ಸ್ ರಾತ್ರಿ ಕಚ್ಚೋವು. ಡೆಂಗಿ, ಚಿಕುನ್‌ಗುನ್ಯಾ ಹರಡೋ ಈಡಿಸ್ ಹಗಲು ಕಚ್ಚುತ್ತೆ, ಬೆಳಗ್ಗೆ ಮತ್ತು ಹೊತ್ತು ಮುಳುಗೋ ಮುಂಚೆ ಜಾಸ್ತಿ. ಅದಕ್ಕೆ ರಾತ್ರಿ ಪರದೆ ಒಂದೇ ಸಾಲದು. ತೊಟ್ಟಿ, ಡ್ರಮ್ಮು, ಕೂಲರ್ ನೀರು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆ ಉಜ್ಜಿ ತೊಳೀಬೇಕು. ಮೊಟ್ಟೆ ಗೋಡೆಗೇ ಅಂಟಿರುತ್ತೆ, ಬರೀ ನೀರು ಚೆಲ್ಲಿದರೆ ಹೋಗಲ್ಲ.