ಹಿತ್ತಿಲಲ್ಲಿ ಹಳೇ ತಳಿ ಟರ್ಕಿ: ಸಾಕಿದವರು ಸ್ವಲ್ಪ ಅನುಭವ ಹೇಳಿ

ಹೊಸ ಗೂಡು: ಹಿತ್ತಿಲಲ್ಲಿ ಒಂದು ಡಜನ್ ಕೋಳಿ ಇವೆ. ಅವುಗಳ ಜೊತೆಗೇ ನಾಲ್ಕೈದು ಹಳೇ ತಳಿ ಟರ್ಕಿ ಸಾಕೋಣ ಅಂತಿದ್ದೀನಿ, ಬರ್ಬನ್ ರೆಡ್ ಇಲ್ಲಾ ರಾಯಲ್ ಪಾಮ್. ಒಂದೇ ಗೂಡಲ್ಲಿ ಬಿಡಬಹುದಾ? ಮೊಟ್ಟೆ ತಂದು ಕಾವಿಗಿಡೋದಾ, ಮರಿಯನ್ನೇ ತರೋದಾ?

ಕೆಂಪುಗರಿ: "ಜೊತೆಗೇ" ಅನ್ನೋ ಮಾತು ಓದಿ ಹೊಟ್ಟೆ ಉರೀತು. ನನಗೆ ಮರಿ ಮಾರಿದವನೂ ಇದನ್ನೇ ಹೇಳಿದ್ದು, "ಕೋಳಿ ಜೊತೆ ಬಿಡಿ ಸಾರ್, ಏನೂ ಆಗಲ್ಲ". ಮೂರು ತಿಂಗಳು ನಿಜವಾಗಿಯೂ ಏನೂ ಆಗಲಿಲ್ಲ. ಒಂದಿನ ಬೆಳಿಗ್ಗೆ ಎಲ್ಲಕ್ಕಿಂತ ದೊಡ್ಡ ಗಂಡು ರೆಕ್ಕೆ ಇಳಿಬಿಟ್ಕೊಂಡು ಮೂಲೆ ಹಿಡಿದಿತ್ತು, ಕಾಳು ಹಾಕಿದ್ರೂ ತಲೆ ಎತ್ತಲಿಲ್ಲ. ಹಿಕ್ಕೆ ಗಂಧಕದ ಹಳದಿ. ಆ ಬಣ್ಣ ಒಮ್ಮೆ ನೋಡಿದವರು ಮರೆಯಲ್ಲ. ವಾರ ತುಂಬೋದರೊಳಗೆ ಅರ್ಧ ಹಿಂಡು ಖಾಲಿ. ಕೊಯ್ದು ನೋಡಿದ್ರೆ ಪಿತ್ತಜನಕಾಂಗದ ತುಂಬ ದುಂಡು ಮಚ್ಚೆ, ನಡುವೆ ತಗ್ಗು, ಸುತ್ತ ಬಳೆ. ಬ್ಲ್ಯಾಕ್‌ಹೆಡ್ ಅನ್ನೋ ಕಾಯಿಲೆ.

ಹಿಸ್ಟೊಮೊನಾಸ್ ಅನ್ನೋ ಸೂಕ್ಷ್ಮಜೀವಿ ಕೋಳಿಯ ಕರುಳಲ್ಲಿರೋ ಸೀಕಲ್ ಹುಳದ ಮೊಟ್ಟೆಯೊಳಗೆ ಕೂತು ಹಿಕ್ಕೆ ಜೊತೆ ಮಣ್ಣಿಗೆ ಬೀಳುತ್ತೆ. ಅಲ್ಲಿ ವರ್ಷಗಟ್ಟಲೆ ಇರುತ್ತೆ. ಎರೆಹುಳದೊಳಗೂ ಸೇರಿಕೊಳ್ಳುತ್ತೆ, ಟರ್ಕಿ ಎರೆಹುಳ ಬಿಡೋ ಜಾತಿಯಲ್ಲ. ಕೋಳಿಗಳು? ಏನೂ ಆಗದವರಂತೆ ಕೆದಕ್ತಾ ಇದ್ವು, ಈಗಲೂ ಕೆದಕ್ತಿವೆ. ಔಷಧಿ ಕೇಳಬೇಡಿ. ನೈಟಾರ್ಸೋನ್ ಅಂತ ಆರ್ಸೆನಿಕ್ ಇದ್ದದ್ದೊಂದು ಇತ್ತು, ಅಮೆರಿಕದಲ್ಲಿ 2015ರ ಕೊನೆಗೆ ಅದನ್ನೂ ವಾಪಸ್ ತಗೊಂಡ್ರು.

ಅಂಗಳದ ರಾಜ: ಶುರುವಾಯ್ತು ಹೆದರಿಸೋದು. ನನ್ನ ಹತ್ರ ಕೋಳಿ, ಟರ್ಕಿ, ಗಿನಿ ಕೋಳಿ ಎಲ್ಲಾ ವರ್ಷಗಳಿಂದ ಒಂದೇ ಅಂಗಳದಲ್ಲಿವೆ. ಬ್ಲ್ಯಾಕ್‌ಹೆಡ್‌ಗೆ ಒಂದೂ ಹೋಗಿಲ್ಲ. ಮರಳು ಮಣ್ಣು, ನೀರು ನಿಲ್ಲಲ್ಲ. ಕೋಳಿಗಳಿಗೆ ತಪ್ಪದೆ ಹುಳದ ಔಷಧಿ ಫೆನ್‌ಬೆಂಡಜೋಲ್ ಹಾಕ್ತೀನಿ. ಹುಳಾನೇ ಇಲ್ಲದಿದ್ರೆ ಆ ಹಿಸ್ಟೊಮೊನಾಸ್ ಯಾರ ಹೆಗಲೇರಿ ಬರುತ್ತೆ? ಅಂಗಳ ಕೆಸರು ಮಾಡಿಟ್ಟು ಕೋಳಿನ ಬಯ್ಯೋದು ಸುಲಭ.

ಕೆಂಪುಗರಿ: ನನ್ನ ಅಂಗಳ ನೀವು ನೋಡಿದ್ದೀರಾ? ಒಂದು ಟರ್ಕಿಗೆ ಬಂದ ಮೇಲೆ ಹುಳದ ಹೆಗಲೂ ಬೇಡ ರಾಜರೇ. ಕಾಯಿಲೆ ಬಿದ್ದ ಹಕ್ಕಿಯ ಹಸಿ ಹಿಕ್ಕೆ ಮೇಲೆ ಇನ್ನೊಂದು ಕೂತ್ರೆ ಸಾಕು, ಗುದದ್ವಾರದಿಂದಲೇ ಒಳಗೆ ಎಳ್ಕೊಳ್ಳುತ್ತೆ. ಅದಕ್ಕೇ ಒಂದು ಮಲಗಿದ್ರೆ ಹಿಂಡೇ ಮಲಗೋದು. ನಿಮ್ಮ ಮಣ್ಣಿಗೆ ಇನ್ನೂ ಬಂದಿಲ್ಲ, ಅಷ್ಟೇ.

ಕಾವುಪೆಟ್ಟಿಗೆ: ಬ್ಲ್ಯಾಕ್‌ಹೆಡ್ ಬರೋಕೂ ಮೊದಲು ಮರಿ ಉಳೀಬೇಕಲ್ಲ! ನಾನು ಮೊಟ್ಟೆಯಿಂದ ಶುರು ಮಾಡಿದವಳು, ಅದರಲ್ಲಿ ನನಗೆ ಹೆಮ್ಮೆಯೇ ಇದೆ. 28 ದಿನ, ಫ್ಯಾನ್ ಇರೋ ಪೆಟ್ಟಿಗೆಗೆ 37.5 ಡಿಗ್ರಿ, ಕೊನೇ ಮೂರು ದಿನ ತಿರುಗಿಸೋದು ನಿಲ್ಲಿಸಿ ತೇವ ಏರಿಸೋದು, ಇದೆಲ್ಲ ನಿಮಗೆ ಗೊತ್ತಿರುತ್ತೆ. ಪಾರ್ಸೆಲ್‌ನಲ್ಲಿ ಬಂದ ಮೊಟ್ಟೆ ಕತೆ ಯಾರೂ ಹೇಳಲ್ಲ. ಬೆಳಕಿಗೆ ಹಿಡಿದ್ರೆ ದಪ್ಪ ತುದಿಯ ಗಾಳಿಗುಳ್ಳೆ ಕಿತ್ತು ಅತ್ತಿತ್ತ ಓಡಾಡ್ತಿರುತ್ತೆ. ಅಂಥವನ್ನ ಒಂದು ದಿನ ದಪ್ಪ ತುದಿ ಮೇಲೆ ಮಾಡಿ ನಿಲ್ಲಿಸಿ ಆಮೇಲೆ ಕಾವಿಗಿಟ್ರೂ ಮೊದಲ ಸಲ ಅರ್ಧವೂ ಒಡೀಲಿಲ್ಲ.

ಒಡೆದವು ಇನ್ನೊಂದು ತಲೆನೋವು. ಕೋಳಿಮರಿ ಹುಟ್ಟಿದ ದಿನವೇ ಕುಕ್ಕೋಕೆ ಶುರು ಮಾಡುತ್ತೆ. ಟರ್ಕಿ ಮರಿ ತಿಂಡಿ ತಟ್ಟೆ ಮೇಲೇ ನಿಂತು, ತಲೆ ಮೇಲಕ್ಕೆ ಮಾಡಿ ಪೀ ಪೀ ಅಂತ ಅಳುತ್ತೆ, ಕಾಲಡಿ ಇರೋದು ತಿಂಡಿ ಅಂತ ಹೊಳೆಯಲ್ಲ. ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿದೆ. ನೀರಿನ ತಟ್ಟೆ ತುಂಬ ಬಣ್ಣದ ಗೋಲಿ ಹಾಕಿದೆ: ಹೊಳೆಯೋದನ್ನ ಕುಕ್ತವೆ, ಬಾಯಿಗೆ ನೀರು ಹೋಗುತ್ತೆ, ತಟ್ಟೆಯಲ್ಲಿ ಮುಳುಗಿ ಸಾಯೋದೂ ತಪ್ಪುತ್ತೆ. ಕೊನೆಗೆ ಒಂದು ಕೋಳಿಮರಿನ ಒಳಗೆ ಬಿಟ್ಟೆ, ಅದು ಕುಕ್ಕೋದು ನೋಡಿ ಇವೂ ಕಲಿತ್ವು.

ಕೆಂಪುಗರಿ: ನಾನು ಇಷ್ಟುದ್ದ ಬರೆದದ್ದು ಕೋಳಿ ಬೇಡ ಅಂತ. ನೀವು ಕೋಳಿನ ಮರಿ ಬೆಚ್ಚಗಿಡೋ ಬ್ರೂಡರ್ ಒಳಗೇ ಬಿಡ್ತೀರಾ!

ಕಾವುಪೆಟ್ಟಿಗೆ: ಪೆಟ್ಟಿಗೆಯಲ್ಲೇ ಹುಟ್ಟಿ ಮಣ್ಣು ಮುಟ್ಟದ ಮರಿಗೆ ಸೀಕಲ್ ಹುಳ ಆಕಾಶದಿಂದ ಬರುತ್ತಾ? ಓದಿ ಬಯ್ಯಿರಿ.

ಹೊಸ ಗೂಡು: ಹಾಗಾದ್ರೆ ಒಂದೇ ಗೂಡು ಬೇಡ ಅಂತಲಾ?

ದಪ್ಪ ಎದೆ: ಗೂಡಿನ ಮಾತು ಬಿಡಿ, ಮೊದಲು ಮೇವಿನ ಚೀಲ ಎಣಿಸಿ. ನಾನು ಎರಡೂ ಸಾಕಿದ್ದೀನಿ. ಎದೆ ಅಗಲದ ಬಿಳಿ ಟರ್ಕಿ ಐದು ತಿಂಗಳೊಳಗೆ ಕೊಯ್ಲಿಗೆ ಬರುತ್ತೆ. ನಿಮ್ಮ ಹಳೇ ತಳಿಗೆ 28 ವಾರ ಬೇಕು, ಅದೂ ಎದೆ ಮೂಳೆ ಕೈಗೆ ಚುಚ್ಚುತ್ತೆ. ಲೆಕ್ಕದ ಪುಸ್ತಕ ನನ್ನ ಹತ್ರ ಇದೆ. ಒಂದು ಹಳೇ ತಳಿ ಗಂಡು ಕತ್ತಿಗೆ ಬರೋವರೆಗೆ ತಿಂದದ್ದು ಮೂವತ್ತು ಕಿಲೋ ದಾಟಿತು. ಅದರಲ್ಲಿ ಮೊದಲ ಆರೆಂಟು ವಾರ 28 ಪರ್ಸೆಂಟ್ ಪ್ರೋಟೀನಿನ ದುಬಾರಿ ಪುಡಿ. ಚೆಲ್ಲಿದ್ದು, ಇಲಿ ತಿಂದದ್ದು ಬೇರೆ. ತೊಟ್ಟಿಯ ಅಂಚು ಹಕ್ಕಿಯ ಬೆನ್ನಿನ ಎತ್ತರಕ್ಕೆ ಏರಿಸೋವರೆಗೂ ಚೀಲದಲ್ಲಿ ಒಂದು ಪಾಲು ನೆಲಕ್ಕೇ ಹೋಗ್ತಿತ್ತು. ಈಗ ಬಿಳಿ ಮಾತ್ರ, ನೆಮ್ಮದಿ.

ಬಿಳಿಗರಿ ಅಕ್ಕ: ನೆಮ್ಮದಿನಾ? ನಿಮ್ಮ ಬಿಳಿ ಗಂಡು ಹೆಣ್ಣಿನ ಮೇಲೆ ಹತ್ತೋಕೂ ಆಗದ ಹಕ್ಕಿ. ಮನುಷ್ಯರೇ ವೀರ್ಯ ತೆಗೆದು ಹಾಕಬೇಕು, ವರ್ಷ ವರ್ಷ ಮರಿಗೆ ಇನ್ನೊಬ್ಬರ ಬಾಗಿಲಿಗೇ ಹೋಗಬೇಕು. ಹಳೇ ತಳಿ ಅನ್ನಿಸ್ಕೊಳ್ಳೋಕೆ ಮೊದಲ ಷರತ್ತೇ ತಾನಾಗಿ ಕೂಡೋದು. ನನ್ನ ರಾಯಲ್ ಪಾಮ್ ಹೆಣ್ಣು ನಾಲ್ಕೂವರೆ ಕಿಲೋ ಅಷ್ಟೇ. ಆದ್ರೆ ತಾನೇ ಮೊಟ್ಟೆ ಇಡುತ್ತೆ, ತಾನೇ ಕಾವು ಕೂರುತ್ತೆ, ತಾನೇ ಮರಿ ಮೇಯಿಸುತ್ತೆ. ಗೋಲಿ, ಫ್ಯಾನು ಯಾವುದೂ ಬೇಡ.

ಹಾಗಂತ ಹೂವಿನ ಹಾಸಿಗೆಯೇನಲ್ಲ. ಗೂಡಲ್ಲಿ ಗೂಡುಪೆಟ್ಟಿಗೆ ಇಟ್ರೆ ತಿರುಗಿಯೂ ನೋಡಲ್ಲ, ಬೇಲಿಯಾಚೆ ಹುಲ್ಲಲ್ಲಿ ಗುಂಡಿ ಮಾಡ್ಕೊಳ್ತವೆ. ಹಾಗೆ ಕೂತ ನನ್ನ ಒಳ್ಳೇ ಹೆಣ್ಣನ್ನ ಬೀದಿನಾಯಿ ಎತ್ತಿಕೊಂಡು ಹೋಯ್ತು, ಉಳಿದದ್ದು ತಣ್ಣಗಾದ ಮೊಟ್ಟೆ. ಇನ್ನೆರಡು ಒಂದೇ ಗುಂಡಿಗೆ ಜಗಳವಾಡಿ ಒಂದರ ಮೇಲೊಂದು ಕೂತು ಮೊಟ್ಟೆನೆಲ್ಲಾ ಪುಡಿ ಮಾಡಿದ್ವು. ಗಂಡಿನ ಕಾಲುಮುಳ್ಳಿಗೆ ಹೆಣ್ಣಿನ ಪಕ್ಕೆಯ ಚರ್ಮ ರೆಕ್ಕೆ ಬುಡದಿಂದ ಕೆಳಗೆ ಸೀಳಿಹೋಗಿತ್ತು. ರೆಕ್ಕೆ ಎತ್ತಿ ನೋಡೋವರೆಗೂ ಗೊತ್ತಾಗಲ್ಲ, ಅಷ್ಟರಲ್ಲಿ ನೊಣ ಮೊಟ್ಟೆ ಇಟ್ಟಿರುತ್ತೆ. ಈಗ ಎಲ್ಲಾ ಹೆಣ್ಣಿಗೂ ದಪ್ಪ ಬಟ್ಟೆಯ ಬೆನ್ನುಕವಚ ಹೊಲಿದು ಹಾಕಿದ್ದೀನಿ. ಎರಡು ಗಂಡು ಇಟ್ಕೊಳ್ಳೋ ಆಸೆಯಂತೂ ಬೇಡ. ಕೊಕ್ಕಿನ ಮೇಲೆ ಜೋತಾಡೋ ಸೊಂಡಿಲನ್ನ ಕಚ್ಚಿ ಹಿಡಿದು, ಕತ್ತಿಗೆ ಕತ್ತು ಸುತ್ತಿ ಗಂಟೆಗಟ್ಟಲೆ ಎಳೆದಾಡ್ತವೆ.

ದಪ್ಪ ಎದೆ: ನಾಯಿ ಪಾಲು, ಪುಡಿ ಮೊಟ್ಟೆ, ಸೀಳಿದ ಚರ್ಮ, ಹೊಲಿಗೆ ಕೆಲಸ. ನಿಮ್ಮ ಲಾಭನ ನೀವೇ ಬರೆದ್ರಿ.

ಬಿಳಿಗರಿ ಅಕ್ಕ: ಎದೆ ಭಾರಕ್ಕೆ ಕಾಲು ಬಾಗಿ ಕೂತಲ್ಲೇ ಹೇತ್ಕೊಳ್ಳೋ ಹಕ್ಕಿ ಇಟ್ಕೊಂಡವರು ಲಾಭದ ಮಾತಾಡ್ತಾರೆ.

ಚೀಲದ ಲೇಬಲ್: ನಿಮ್ಮ ಜಗಳದ ನಡುವೆ ಒಂದು ಮಾತು. ಮೇವಿನ ಖರ್ಚು ಉಳಿಸೋಕೆ ಬ್ರಾಯ್ಲರ್ ಕೋಳಿ ಮೇವು ಹಾಕೋ ಯೋಚನೆ ಯಾರಿಗಾದ್ರೂ ಇದ್ರೆ ಮೊದಲು ಚೀಲ ಓದಿ. ನಾನು ಮನೇಲಿ ಇಲ್ಲದಾಗ ನೋಡ್ಕೊಳ್ತಿದ್ದ ಭಾವಮೈದ ಟರ್ಕಿ ಪುಡಿ ಮುಗೀತು ಅಂತ ಕೋಳಿ ಮೇವು ಸುರಿದ. ಅದರಲ್ಲಿ ಸ್ಯಾಲಿನೊಮೈಸಿನ್ ಇತ್ತು. ಕೋಳಿಗೆ ಅದು ರಕ್ತಭೇದಿ ತಡೆಯೋ ಔಷಧಿ, ಟರ್ಕಿಗೆ ವಿಷ. ವಾಪಸ್ ಬಂದಾಗ ಸ್ಲೇಟ್ ಬಣ್ಣದ ನನ್ನ ಹಕ್ಕಿಗಳು ಕಾಲು ಹಿಂದಕ್ಕೆ ಚಾಚಿ ಎದೆ ಮೇಲೆ ಬಿದ್ದಿದ್ವು. ಕಣ್ಣು ಚುರುಕಾಗೇ ಇತ್ತು, ಏಳೋಕೆ ಮಾತ್ರ ಆಗ್ತಿರಲಿಲ್ಲ. ಭಾವಮೈದ ಇವತ್ತಿಗೂ "ಎಲ್ಲಾ ಕೋಳಿ ಮೇವು ಒಂದೇ ತಾನೇ" ಅಂತಾನೆ.

ಅಂಗಳದ ರಾಜ: ಅದಕ್ಕೇ ನಾನು ಔಷಧಿ ಹಾಕಿದ ಯಾವ ಮೇವೂ ಮುಟ್ಟಲ್ಲ. ಆಂಪ್ರೋಲಿಯಂ ಕೂಡ ಟರ್ಕಿನ ಕೊಲ್ಲುತ್ತೆ.

ಚೀಲದ ಲೇಬಲ್: ಕೊಲ್ಲಲ್ಲ ಸ್ವಾಮಿ. ಆಂಪ್ರೋಲಿಯಂ ಟರ್ಕಿಗೂ ಕೊಡೋ ಔಷಧಿಯೇ. ಸ್ಯಾಲಿನೊಮೈಸಿನ್, ನಾರಾಸಿನ್ ಇವೆರಡು ಬೇಡ. ಎಲ್ಲಾನೂ ಒಂದೇ ಬುಟ್ಟಿಗೆ ಹಾಕಿದ್ರೆ ರಕ್ತಭೇದಿಯಲ್ಲಿ ಮರಿ ಕಳ್ಕೊಳ್ತೀರಿ.

ಬಿಳಿಗರಿ ಅಕ್ಕ: ವಿಷಯ ಬೇರೆ, ಆದ್ರೂ ಕೇಳ್ತೀನಿ. ನನ್ನ ಗಂಡು ಸತ್ತ ಮೇಲೆ ಒಂದು ಹೆಣ್ಣು ಇಟ್ಟ ಮೊಟ್ಟೆನ ಬೆಳಕಿಗೆ ಹಿಡಿದೆ. ಒಳಗೆ ಜೀವ ಕಟ್ಟಿದ ಗುರುತು ಕಾಣ್ತು. ಗಂಡಿಲ್ಲದೆ ಹೇಗೆ?

ಅಂಗಳದ ರಾಜ: ಪವಾಡ. ಅಂಗಳದಲ್ಲೇ ಗುಡಿ ಕಟ್ಟಿಸಿ.

ಕಾವುಪೆಟ್ಟಿಗೆ: ನಗೋದೇನಿಲ್ಲ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ 1950ರ ದಶಕದಲ್ಲೇ ಇದನ್ನ ನೋಡಿದ್ದಾರೆ. ಗಂಡಿನ ಸಂಗವೇ ಇಲ್ಲದ ಟರ್ಕಿ ಮೊಟ್ಟೆಯಲ್ಲಿ ಭ್ರೂಣ ಬೆಳೆದು, ಅಪರೂಪಕ್ಕೆ ಮರಿಯೂ ಹೊರಗೆ ಬಂದಿದೆ. ಹೆಚ್ಚಿನವು ಒಳಗೇ ಸಾಯ್ತವೆ.

ದಪ್ಪ ಎದೆ: ಅಕ್ಕ, ಗಂಡು ಸತ್ತು ಎಷ್ಟು ಕಾಲ ಆಯ್ತು? ಟರ್ಕಿ ಹೆಣ್ಣು ವೀರ್ಯನ ವಾರಗಟ್ಟಲೆ ಒಳಗೇ ಇಟ್ಕೊಳ್ಳುತ್ತೆ. ವೀರ್ಯ ಹಾಕೋ ನಮ್ಮಂಥವರಿಗೆ ಇದು ಗೊತ್ತು, ತಾನಾಗಿ ಕೂಡಲಿ ಅನ್ನೋರಿಗೆ ಗೊತ್ತಿರಲ್ಲ.

ಬಿಳಿಗರಿ ಅಕ್ಕ: ಸತ್ತು ಒಂದು ಮಳೆಗಾಲವೇ ಕಳೀತು. ನಿಮ್ಮ ಹೆಮ್ಮೆ ನಿಮ್ಮ ಪಿಚಕಾರಿಯಲ್ಲೇ ಇರಲಿ.

ಕಾವುಪೆಟ್ಟಿಗೆ: ಹಾಗಾದ್ರೆ ಕಾವಿಗಿಟ್ಟು ನೋಡಿ, ಮರಿ ಬಂದ್ರೆ ಗುರುತು ಸುಲಭ. ಗಂಡಿಲ್ಲದೆ ಹುಟ್ಟಿದ ಟರ್ಕಿ ಯಾವಾಗಲೂ ಗಂಡೇ. ಹೆಣ್ಣು ಮರಿ ಬಂದ್ರೆ ಯಾರದ್ದೋ ಗಂಡು ಬೇಲಿ ಹಾರಿದೆ ಅಂತ ಅರ್ಥ.

ಅಂಗಳದ ರಾಜ: ನನ್ನ ಗಂಡಿನ ಕಡೆ ಯಾರೂ ಬೆರಳು ತೋರಿಸಬೇಡಿ. ಅದರ ರೆಕ್ಕೆ ಕತ್ತರಿಸಿದ್ದೀನಿ.