ಪ್ಲೈವುಡ್ ಪಿರಮಿಡ್: 56 ಸೆಂ.ಮೀ. ಎತ್ತರ ಬೇಕು, ಬರ್ತಿರೋದು 34

ಕೋಥ್ರೂಡ್‌ಕರ್
ನಮಸ್ಕಾರ. ಗಣಪತಿ ದೇಖಾವೆಗೆ (ಮಂಟಪದ ದೃಶ್ಯಾಲಂಕಾರಕ್ಕೆ) ಈಜಿಪ್ಟಿನ ಗಿಜಾದ ದೊಡ್ಡ ಪಿರಮಿಡ್‌ನ ಮಾದರಿ ಬೇಕು. ಥರ್ಮಾಕೋಲ್ ಮಹಾರಾಷ್ಟ್ರದಲ್ಲಿ 2018ರಿಂದ ಬಂದ್, ಅದಕ್ಕೇ 6 ಮಿ.ಮೀ. ಪ್ಲೈ. ಪಾದ 88 ಸೆಂ.ಮೀ., ಎತ್ತರ 56. ಮೊದಲು ರಟ್ಟಿನಲ್ಲಿ 88 ಪಾದ, 56 ಎತ್ತರದ ನಾಲ್ಕು ತ್ರಿಕೋನ ಕತ್ತರಿಸಿ ಜೋಡಿಸಿದರೆ 34 ಚಿಲ್ಲರೆಗೇ ನಿಂತುಬಿಡುತ್ತೆ, ಬುಟ್ಟಿ ಬೋರಲು ಹಾಕಿದ ಹಾಗೆ. ಎಲ್ಲಿ ತಪ್ಪಿದೆ? 8×4 ಅಡಿಯ ಒಂದೇ ಶೀಟಿನಲ್ಲಿ ಮುಗಿಯುತ್ತಾ? ಅಂಚು ಓರೆಯಾಗಿ ಕೊಯ್ಯಲೇಬೇಕಾ? ಇರೋದು ಜಿಗ್‌ಸಾ ಒಂದೇ. ಮಂಟಪ ತಗಡಿನದ್ದು, ಮಳೆ ಎರಚಲು ಹೊಡೆಯುತ್ತೆ.

ಭವಾನಿ ಪೇಠ ಬಡಗಿ
ರಟ್ಟಿನ್ಯಾಗ ಮಾಡಿ ನೋಡಿದ್ದು ಛಲೋ ಆತ್ರಿ, ಪ್ಲೈ ಉಳೀತು. ಪಿರಮಿಡ್‌ನ ನೆಟ್ಟನೆ ಎತ್ತರಾನ ತ್ರಿಕೋನದ ಎತ್ತರ ಅಂತ ಹಿಡದೀರಿ. ತ್ರಿಕೋನ ಒಳಗ ವಾಲಿ ನಿಲ್ತದ, ಅದಕ್ಕ ಅದು ಉದ್ದ ಇರಬೇಕು. ಪಾದದ ಅರ್ಧ 44. 44ರ ವರ್ಗ 1936, 56ರ ವರ್ಗ 3136, ಕೂಡಿದ್ರ 5072, ವರ್ಗಮೂಲ 71.2. ಇದು ತ್ರಿಕೋನದ ಎತ್ತರ. ಓರೆ ಬದಿ 83.7 ಬಂತಂದ್ರ ಗೆರಿ ಸರಿ ಅದ.

ಅಳತಿ ಮಾತ್ರ ಭಾರಿ ಆರಿಸೀರಿ. ಗಿಜಾದ ಆ ದೊಡ್ಡ ಪಿರಮಿಡ್, ಅಂದ್ರ ಖುಫು ರಾಜಂದು, ಈಜಿಪ್ಟಿನ ಮೊಳದಾಗ ಪಾದ 440, ಎತ್ತರ 280. ನಿಮ್ಮ 1 ಸೆಂ.ಮೀ.ಗೆ 5 ಮೊಳ, ಬಾಕಿ ಉಳಿಯೂದಿಲ್ಲ.

ಒಂದ ಶೀಟ್ ಸಾಕು. ಒಂದು ತ್ರಿಕೋನ ಮ್ಯಾಲ, ಇನ್ನೊಂದು ತಲಿಕೆಳಗ ಹಂಗ ಸಾಲಾಗಿ ಬರೀರಿ: 88 ಮತ್ತ 44ರ ಮೂರು ಪಟ್ಟು, ಒಟ್ಟು 220. ಶೀಟ್ 244, ನಡುವ ಬೆರಳು ಸಂದು ಬಿಡಾಕ ಜಾಗ ಅದ. ಕೆಳಗ ಉಳಿಯೂ 50 ಸೆಂ.ಮೀ. ಪಟ್ಟಿಯೊಳಗ 44×88ರ ಎರಡು ತುಂಡು ತಗದು, ಅಡಿಗೆ ಬ್ಯಾಟನ್ (ಮರದ ಪಟ್ಟಿ) ಕೊಟ್ಟು ಜೋಡಿಸಿದ್ರ ತಳ ಆತು. ತಳದ ಎರಡೂ ಕರ್ಣ 124.5 ಬರಬೇಕು, ಒಂದು ಕಮ್ಮಿ ಒಂದು ಹೆಚ್ಚು ಆತಂದ್ರ ಮ್ಯಾಲ ನಾಲ್ಕು ತುದಿ ಒಂದ ಕಡೆ ಕೂಡಂಗಿಲ್ಲ.

ಮಡಗಾಂವ್ ಮುರಕಲ್ಲು
ಓರೆ ಕೊಯ್ತ ಮಾಡೋದಾದರೆ ಓರೆ ಬದಿಗಳಿಗೆ ಬ್ಲೇಡ್ 34 ಡಿಗ್ರಿ, ಪಾದದಂಚಿಗೆ 38 ವಾಲಿಸಬೇಕು. ಜಿಗ್‌ಸಾದಲ್ಲಿ ಬ್ಲೇಡ್ ಬಾಗಿ ಗೆರೆ ಹಾವಾಗುತ್ತೆ, ಕೈ ಹಾಕಬೇಡಿ. ನೇರವಾಗಿಯೇ ಕೊಯ್ಯಿರಿ. ಒಳಮುಖ ಮೇಲೆ ಮಾಡಿ, ನಾಲ್ಕೂ ತುದಿ ನಡುವೆ ಸೇರುವಂತೆ ಬೀಸಣಿಗೆಯ ಹಾಗೆ ಹಾಸಿ, ಅಂಚಿಗೆ ಅಂಚು ತಾಗಿಸಿ ಪ್ಯಾಕಿಂಗ್ ಟೇಪ್ ಹಚ್ಚಿ. ಬೋರಲು ಮಾಡಿ ನಡುವನ್ನು ಎತ್ತಿದರೆ ತಾನಾಗಿ ಮಡಚಿಕೊಳ್ಳುತ್ತೆ. ಕೊನೆಯ ಸಂದಿಗೆ ಕೆಳಗಿನಿಂದ ಕೈ ಹಾಕಿ ಟೇಪ್ ಹಚ್ಚಿ. ಟೇಪ್ ಹೊರಮುಖಕ್ಕೆ ಹಚ್ಚಿದರೆ ಒಳ ಅಂಚುಗಳು ಒಂದಕ್ಕೊಂದು ಗುದ್ದಿ ಮಡಚುವುದೇ ಇಲ್ಲ.

ಹೊರಗೆ ಸುಮಾರು 7 ಮಿ.ಮೀ. ಅಗಲದ ಸಂದು ಉಳಿಯುತ್ತೆ. ಮರದ ಪುಡಿಯನ್ನು ಫೆವಿಕಾಲ್ ಮರೀನ್‌ನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿ, ಆದರೆ ಎರಡು ಸಲಕ್ಕೆ. ಒಂದೇ ಸಲ ತುಂಬಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತೆ. ಗಟ್ಟಿಯಾದ ಮೇಲೆ ಟೇಪ್ ಕಿತ್ತು ಒಳಸಂದಿಗೆ ಅದೇ ಅಂಟಿನಲ್ಲಿ ಅದ್ದಿದ ಕಾಟನ್ ಬಟ್ಟೆಪಟ್ಟಿ ಹಚ್ಚಿ.

ಎಂಆರ್ (ಬರೀ ತೇವ ತಡೆಯುವ) ಪ್ಲೈ ತರಬೇಡಿ, ಎರಚಲಿಗೆ ಪದರ ಬಿಡುತ್ತೆ. ಐಎಸ್ 710 ಮುದ್ರೆಯ ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಡೆಯುವ ಪ್ಲೈ) ತನ್ನಿ. ಹಾಗಿದ್ದರೂ ನೀರು ಕುಡಿಯುವುದು ಕೊಯ್ದ ಅಂಚು, ಅದಕ್ಕೆ ಎರಡು ಕೈ ವಾರ್ನಿಶ್, ಕೆಳಗೆ ಟೈಲ್ ಚೂರಿಟ್ಟು 2 ಸೆಂ.ಮೀ. ಎತ್ತರ.

ದಾದರ್ ಫಾಸ್ಟ್
ವಾಲ್ ಪುಟ್ಟಿ ಮೆತ್ತಬೇಡಿ. ಪ್ಲೈ ಅಲುಗುತ್ತೆ, ಪುಟ್ಟಿ ಉದುರುತ್ತೆ. ಜರಡಿ ಹಿಡಿದ ಸಣ್ಣ ಮರಳು, ಫೆವಿಕಾಲ್, ಹಳದಿ ಆಕ್ಸೈಡ್ ಕಲಸಿ ತೆಳ್ಳಗೆ ಬಳಿಯಿರಿ. ಮತ್ತೆ ದಯವಿಟ್ಟು ಇಟ್ಟಿಗೆ ಗೋಡೆಯ ಥರ ಗೆರೆ ಹಾಕಬೇಡಿ. ಅಸಲಿಯಲ್ಲಿ ಕಲ್ಲಿನ ಸಾಲು ಸುಮಾರು 200, ನಿಮ್ಮ ಅಳತೆಗೆ ಒಂದು ಸಾಲು 3 ಮಿ.ಮೀ.ಗೂ ಕಡಿಮೆ. ಹಸಿ ಇರುವಾಗಲೇ ತಲೆ ಬಾಚುವ ಬಾಚಣಿಗೆಯನ್ನು ಅಡ್ಡಕ್ಕೆ ಎಳೆದರೆ ಸಾಲು ತಾನೇ ಮೂಡುತ್ತೆ, ಅಲ್ಲಲ್ಲಿ ಹರಿದರೆ ಇನ್ನೂ ಚೆಂದ.

ಬಾಗಿಲು ಉತ್ತರ ಮುಖದಲ್ಲಿ. ಅಸಲಿಯಲ್ಲಿ 17 ಮೀಟರ್ ಎತ್ತರದಲ್ಲಿ, ನಡುವಿನಿಂದ 7.3 ಮೀಟರ್ ಪೂರ್ವಕ್ಕೆ. ನಿಮ್ಮದರಲ್ಲಿ ನೆಲದಿಂದ ನೆಟ್ಟಗೆ 6.5 ಸೆಂ.ಮೀ., ಎದುರು ನಿಂತವರಿಗೆ ನಡುವಿನಿಂದ 2.8 ಎಡಕ್ಕೆ. ನಟ್ಟನಡುವೆ ಕೊರೆಯೋದೇ ಎಲ್ಲರ ಅಭ್ಯಾಸ.

ತುದಿಯಲ್ಲಿ ಬಿಳಿ ಟೊಪ್ಪಿ ಇರೋ ಪಿರಮಿಡ್ ಬೇಕು ಅಂತ ಮಂಡಳದವರು ಕೇಳಿದರೆ ಅದು ಖುಫುವಿನದಲ್ಲ, ಮಗ ಖಾಫ್ರೆಯದು. ಲೆಕ್ಕ ಇನ್ನೂ ಸಲೀಸು: ಪಾದ 90, ಎತ್ತರ 60, ತ್ರಿಕೋನದ ಎತ್ತರ 75. ಅದೂ ಒಂದೇ ಶೀಟಿನಲ್ಲಿ ಕೂರುತ್ತೆ.

ಕೋಥ್ರೂಡ್‌ಕರ್
ಎಲ್ಲರಿಗೂ ಧನ್ಯವಾದ. ಖುಫುವೇ ಇರಲಿ. ತ್ರಿಕೋನದ ಚೂಪು ತುದಿ ಜಿಗ್‌ಸಾದಲ್ಲಿ ಸೀಳಿ ಬರುತ್ತಿದೆ, ಏನು ಮಾಡಲಿ? ಒಳಗೆ ಬಲ್ಬ್ ಇಡಬಹುದಾ?

ಭವಾನಿ ಪೇಠ ಬಡಗಿ
ತುದಿ ಉಳಸಾಕ ಹೋಗಬ್ಯಾಡ್ರಿ. ನಾಲ್ಕೂ ತ್ರಿಕೋನದ ಮ್ಯಾಲಿಂದ 3.6 ಸೆಂ.ಮೀ. ಕೊಯ್ದು ಹಾಕ್ರಿ. ಅಲ್ಲಿಗೆ 4.4 ಪಾದ, 2.8 ಎತ್ತರದ ಗಟ್ಟಿ ಮರದ ತುಂಡು ಕೆತ್ತಿ ಕೂಡಿಸ್ರಿ. ಖರೇ ಪಿರಮಿಡ್‌ಗೂ ತುದಿಗಲ್ಲು ಬ್ಯಾರೇನ ಇರ್ತಿತ್ತು. ಉಳಿದ ಕೊಯ್ತಕ್ಕ ಗೆರಿ ಮ್ಯಾಲ ಮಾಸ್ಕಿಂಗ್ ಟೇಪ್ ಹಚ್ಚಿ, ಸಣ್ಣ ಹಲ್ಲಿನ ಬ್ಲೇಡ್ ಹಾಕ್ರಿ. ಜಿಗ್‌ಸಾ ಮ್ಯಾಲಮುಖ ಹರೀತದ, ಅದಕ್ಕ ಒಳಮುಖದಾಗ ಗೆರಿ ಹಾಕಿ ಕೊಯ್ರಿ.

ಬಲ್ಬ್ ಬ್ಯಾಡ, ಕಾವು ಹೊರಗ ಹೋಗಾಕ ದಾರಿ ಇಲ್ಲ. ಪುಣೆಯ ಎಲೆಕ್ಟ್ರಿಕ್ ಸಾಮಾನಿನ ತಪಕೀರ್ ಗಲ್ಲಿಯೊಳಗ 12 ವೋಲ್ಟಿನ ಎಲ್‌ಇಡಿ ಪಟ್ಟಿ ಸಿಗ್ತಾವ. ಅಡಾಪ್ಟರ್ ಹೊರಗ ಒಣಗಿದ ಜಾಗದಾಗ ಇರ್ಲಿ, ತಳಕ್ಕ ನಾಲ್ಕು ತೂತು ಹೊಡೀರಿ. ತಳ ಸ್ಕ್ರೂದಿಂದ ಬಿಗೀರಿ, ಅಂಟು ಹಚ್ಚಬ್ಯಾಡ್ರಿ. ಪಟ್ಟಿ ಕೆಟ್ರ ಒಳಗ ಕೈ ಹೋಗಬೇಕಲ್ಲ.