ಹಳೇ ಮಿನಿ ಟ್ರ್ಯಾಕ್ಟರ್ ಸ್ಟೇರಿಂಗ್ ತುಂಬಾ ಲೂಸ್, ಎಡಕ್ಕೆ ಬೇರೆ ಎಳೆಯುತ್ತದೆ, ಎಲ್ಲಿಂದ ನೋಡಬೇಕು?

ಚನ್ನಗಿರಿ ತೋಟ:

ಎರಡು ತಿಂಗಳ ಹಿಂದೆ 15 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. 2014ರ ಮಾಡೆಲ್, ಟು ವೀಲ್ ಡ್ರೈವ್, ಪವರ್ ಸ್ಟೇರಿಂಗ್ ಇಲ್ಲ. ಎಂಜಿನ್ ಚೆನ್ನಾಗಿದೆ, ಹೊಗೆ ಇಲ್ಲ. ಮಾರುವ ಮೊದಲು ಹೊಸ ಪೇಂಟ್ ಹೊಡೆಸಿದ್ದರು, ನೋಡೋಕೆ ಶೋರೂಮ್ ಗಾಡಿ ಥರಾನೇ ಇತ್ತು.

ತೊಂದರೆ ಎಲ್ಲಾ ಸ್ಟೇರಿಂಗ್‌ದು. ಹತ್ತಿರ ಹತ್ತಿರ ಅರ್ಧ ಗೇಣು ತಿರುಗಿಸಿದ ಮೇಲೆ ಮುಂದಿನ ಗಾಲಿ ಅಲುಗುತ್ತದೆ. ರೋಡಿಗೆ ಬಂದು ಟಾಪ್ ಗೇರ್ ಹಾಕಿದರೆ ಮುಂದಿನ ಗಾಲಿಗಳು ಗಡಗಡ ನಡುಗುತ್ತವೆ, ಎಡಕ್ಕೆ ಎಳೆಯುತ್ತದೆ, ಬಲಕ್ಕೆ ತಿರುಗಿಸಬೇಕು ಅಂದರೆ ಎರಡೂ ಕೈ ಬೇಕು.

ನಮ್ಮದು ಅಡಿಕೆ ತೋಟ, ಮರದಿಂದ ಮರಕ್ಕೆ 9 ಅಡಿ. ರೋಟವೇಟರ್ ಹಾಕಿಕೊಂಡು ಸಾಲಿನ ನಡುವೆ ಹೋದರೆ ನೇರ ಹಿಡಿಯೋಕೇ ಆಗುವುದಿಲ್ಲ. ಹೋದ ವಾರ ಎರಡು ಮರಕ್ಕೆ ತಾಗಿಸಿ ಬುಡದಲ್ಲಿ ಗಾಯ ಮಾಡಿಬಿಟ್ಟೆ. ಅಪ್ಪ ನೆಟ್ಟ ಮರಗಳು, ತುಂಬಾ ಬೇಜಾರಾಯಿತು. ಇಲ್ಲಿ ಒಬ್ಬ ಮೆಕ್ಯಾನಿಕ್ ಸ್ಟೇರಿಂಗ್ ಬಾಕ್ಸನ್ನೇ (ಸ್ಟೇರಿಂಗ್ ಕಂಬದ ಕೆಳಗಿನ ಗೇರ್ ಪೆಟ್ಟಿಗೆ) ಪೂರ್ತಿ ಬದಲಾಯಿಸಿ ಅಂತ ಹೇಳುತ್ತಿದ್ದಾರೆ. ಅಷ್ಟು ದುಡ್ಡು ಹಾಕುವ ಮೊದಲು ನಾನೇ ಏನಾದರೂ ಚೆಕ್ ಮಾಡಬಹುದಾ?

ಗ್ರೀಸ್ ಗನ್, ಚಿತ್ರದುರ್ಗ:

ಬಾಕ್ಸ್ ಈಗಲೇ ಮುಟ್ಟಬೇಡಿ ಸರ್. ನಾನು ಗ್ಯಾರೇಜ್ ಇಟ್ಟು 22 ವರ್ಷ ಆಯಿತು. ಸ್ಟೇರಿಂಗ್ ಲೂಸ್ ಅಂತ ಬಂದ ಎಷ್ಟೋ ಗಾಡಿಗಳಲ್ಲಿ ಬಾಕ್ಸ್ ಗಟ್ಟಿಯಾಗೇ ಇರುತ್ತದೆ, ಸವೆದಿರುವುದು ಅದರ ಕೆಳಗಿನ ಜಾಯಿಂಟುಗಳು.

ಇಬ್ಬರು ಬೇಕು. ಎಂಜಿನ್ ಆಫ್ ಮಾಡಿ, ಗಾಲಿ ನೆಲದ ಮೇಲೇ ಇರಲಿ. ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸುತ್ತಾ ಇರಲಿ. ನೀವು ಕೆಳಗೆ ಕೂತು ಒಂದೊಂದು ಜಾಯಿಂಟನ್ನೂ ಕೈಯಲ್ಲಿ ಹಿಡಿದು ನೋಡಿ. ಬಾಕ್ಸಿನಿಂದ ಹೊರಗೆ ಬರುವ ಆರ್ಮ್, ಅದರ ನಟ್ಟು, ಅಲ್ಲಿಂದ ಗಾಲಿಗೆ ಹೋಗುವ ರಾಡು, ಅದರ ಎರಡೂ ತುದಿಯ ಬಾಲ್ ಜಾಯಿಂಟು, ಆಮೇಲೆ ಎರಡೂ ಗಾಲಿಗೆ ಸೇರಿದ ಟೈ ರಾಡು. ಬಾಲ್ ಜಾಯಿಂಟಿನ ಮೇಲೆ ಬೆರಳು ಇಟ್ಟರೆ ಸಾಕು, ಟಕ್ ಅಂತ ಬಡಿಯುವುದು ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಪ್ಲೇ, ಅಂದರೆ ಸಡಿಲ, ಬೆರಳಿಗೆ ಸಿಗುತ್ತದೆ. ಬಾಕ್ಸನ್ನು ಚಾಸಿಸ್‌ಗೆ ಹಿಡಿದಿರುವ ಬೋಲ್ಟುಗಳನ್ನೂ ನೋಡಿ, ಅವು ಸಡಿಲ ಇದ್ದರೆ ಬಾಕ್ಸೇ ಅಲ್ಲಾಡುತ್ತಿರುತ್ತದೆ.

ಆಮೇಲೆ ಮುಂಭಾಗ ಜಾಕ್ ಮಾಡಿ. ಇದರಲ್ಲಿ ಹುಷಾರಾಗಿರಿ. ಮುಂದಿನ ಆ್ಯಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುತ್ತಿರುತ್ತದೆ, ಎತ್ತಿದ ತಕ್ಷಣ ಒಂದು ಕಡೆಗೆ ವಾಲುತ್ತದೆ. ಎರಡೂ ಕಡೆ ಮರದ ತುಂಡು ಸಿಕ್ಕಿಸಿ, ಹಿಂದಿನ ಗಾಲಿಗೆ ಕಲ್ಲು ಕೊಡಿ, ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಹಬ್ (ಗಾಲಿಯ ನಡುವಿನ ಭಾಗ) ಮಾತ್ರ ಅಲ್ಲಾಡಿದರೆ ವೀಲ್ ಬೇರಿಂಗ್ ಹೋಗಿದೆ. ಹಬ್ ಜೊತೆ ಸ್ಟಬ್ಬೂ (ಹಬ್ ಕೂರುವ ಚಿಕ್ಕ ಆ್ಯಕ್ಸಲ್) ಅಲ್ಲಾಡಿದರೆ ಕಿಂಗ್ ಪಿನ್ ಬುಷ್ ಹೋಗಿದೆ ಅಂತ ಅರ್ಥ. ಗಾಲಿ ಎಡಕ್ಕೆ ಬಲಕ್ಕೆ ತಿರುಗುವುದು ಆ ಪಿನ್ನಿನ ಮೇಲೆ, ಬುಷ್ ಅಂದರೆ ಅದರ ಸುತ್ತಲಿನ ಲೋಹದ ಬಳೆ. ನೀವು ಹೇಳಿದ ನಡುಕ, ಒಂದು ಕಡೆಗೆ ಮಾತ್ರ ಬಿಗಿ, ಇವೆರಡನ್ನೂ ನೋಡಿದರೆ ನನಗೆ ಕಿಂಗ್ ಪಿನ್ ಮೇಲೇ ಅನುಮಾನ.

ದ್ರಾಕ್ಷಿ, ವಿಜಯಪುರ:

ಅಣ್ಣ ಹೇಳಿದ್ದು ಸರಿ. ಬಾಕ್ಸಿನ ಮೇಲೆ ಒಂದು ಅಡ್ಜಸ್ಟ್ ಸ್ಕ್ರೂ, ಅದಕ್ಕೊಂದು ಲಾಕ್ ನಟ್ಟು ಇರುತ್ತದೆ. ಪ್ಲೇ ತೆಗೆಯೋಣ ಅಂತ ಅದನ್ನು ಟೈಟ್ ಮಾಡೋಕೆ ಹೋಗಬೇಡಿ. ಬಾಕ್ಸಿನ ಗೇರ್ ನೇರ ಓಡುವ ಜಾಗದಲ್ಲೇ ಜಾಸ್ತಿ ಸವೆದಿರುತ್ತದೆ. ಅಲ್ಲಿಗೆ ಸರಿಯಾಗಿ ಬಿಗಿ ಮಾಡಿದರೆ ಪೂರ್ತಿ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ. ನಮ್ಮ ಗಾಡಿಯಲ್ಲಿ ಹೀಗೇ ಆಗಿ ಸಾಲಿನ ತುದಿಯಲ್ಲಿ ತಿರುಗಿಸುವಾಗ ಸಿಕ್ಕಿಕೊಂಡು ಕಂಬಕ್ಕೆ ಹೊಡೆಯಿತು.

ಫೋರ್ ವೀಲ್ ಡ್ರೈವ್ ಇರುವವರಿಗೂ ಒಂದು ಮಾತು. ಡಾಂಬರು ರೋಡಿನಲ್ಲಿ ಸ್ಟೇರಿಂಗ್ ಭಾರ ಅನ್ನಿಸಿದರೆ ಮೊದಲು ಫೋರ್ ವೀಲ್ ಹಾಕುವ ಲಿವರ್ ನೋಡಿ, ಹಾಕಿದ್ದು ಹಾಗೇ ಬಿಟ್ಟಿರುತ್ತೀರಿ.

ತರೀಕೆರೆ ರೈತ:

ಎಡಕ್ಕೆ ಎಳೆಯುವುದು ಯಾವಾಗ? ಬ್ರೇಕ್ ಹಾಕಿದಾಗ ಮಾತ್ರ ಆದರೆ ಸ್ಟೇರಿಂಗ್ ಬಿಡಿ, ಹಿಂದಿನ ಎರಡು ಬ್ರೇಕ್ ಸಮ ಇಲ್ಲ, ಇಲ್ಲವೇ ಎಡ ಬಲದ ಎರಡು ಬ್ರೇಕ್ ಪೆಡಲನ್ನು ಒಟ್ಟಿಗೆ ಸೇರಿಸುವ ಲಾಕ್ ಹಾಕಿಲ್ಲ. ಯಾವಾಗಲೂ ಎಳೆದರೆ ಎರಡೂ ಟೈರಿನ ಗಾಳಿ ಚೆಕ್ ಮಾಡಿ. ಒಂದು ಹೊಸ ಟೈರು ಒಂದು ಬೋಳು ಟೈರು ಇದ್ದರೂ ಎಳೆಯುತ್ತದೆ.

ಗಾಲಿಗಳ ಅಲೈನ್‌ಮೆಂಟ್ ಮನೆಯಲ್ಲೇ ನೋಡಬಹುದು. ಸಮ ನೆಲದಲ್ಲಿ ಗಾಲಿ ನೇರ ಇಟ್ಟು, ಎರಡೂ ಟೈರಿನ ಮುಂಭಾಗದಲ್ಲಿ ಹಬ್ಬಿನ ಎತ್ತರಕ್ಕೆ ಸುಣ್ಣದಲ್ಲಿ ಗುರುತು ಹಾಕಿ ಟೇಪ್ ಹಿಡಿಯಿರಿ. ಗಾಡಿ ತಳ್ಳಿ ಗಾಲಿ ಅರ್ಧ ಸುತ್ತು ತಿರುಗಿಸಿದರೆ ಅದೇ ಗುರುತು ಹಿಂದೆ ಬರುತ್ತದೆ, ಮತ್ತೆ ಅಳೆಯಿರಿ. ಮುಂದಿನ ಅಳತೆ ಕೆಲವೇ ಮಿ.ಮೀ. ಕಡಿಮೆ ಇರಬೇಕು, ಎಷ್ಟು ಅನ್ನುವುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಆದರೆ ಸವೆದ ಬುಷ್ ಇಟ್ಟುಕೊಂಡು ಇದನ್ನು ಸೆಟ್ ಮಾಡಿದರೆ ಸುಮ್ನೆ ವೇಸ್ಟ್, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ.

ಚನ್ನಗಿರಿ ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ತಮ್ಮನನ್ನು ಸೀಟಿನಲ್ಲಿ ಕೂರಿಸಿ ಪೂರ್ತಿ ನೋಡಿದೆ. ಟೈ ರಾಡಿನ ಬಲಗಡೆ ಬಾಲ್ ಜಾಯಿಂಟಿನ ರಬ್ಬರ್ ಹರಿದು ಒಳಗೆ ಬರೀ ಮಣ್ಣು, ಬೆರಳಿಗೆ ಟಕ್ ಟಕ್ ಅಂತ ಹೊಡೆಯುತ್ತಿತ್ತು. ಎಡಗಡೆ ಗಾಲಿ ಜಾಕ್ ಮಾಡಿ ಅಲ್ಲಾಡಿಸಿದರೆ ಸ್ಟಬ್ಬೇ ಅಲ್ಲಾಡುತ್ತದೆ. ಕಿಂಗ್ ಪಿನ್ನಿನ ಗ್ರೀಸ್ ನಿಪ್ಪಲ್ (ಗ್ರೀಸ್ ಹೊಡೆಯುವ ಮೂತಿ) ಎಲ್ಲಿ ಅಂತ ಹುಡುಕಿದರೆ ಸಿಗಲೇ ಇಲ್ಲ. ಆಮೇಲೆ ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಪೇಂಟಿನ ಅಡಿಯಲ್ಲಿ ಇತ್ತು! ನಿಪ್ಪಲ್ಲಿನ ಬಾಯಲ್ಲಿರುವ ಗುಂಡು ಕೂಡ ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ, ಅಷ್ಟು ಗಟ್ಟಿಯಾಗಿತ್ತು. ಗಾಡಿ ತಂದ ಮೇಲೆ ಒಂದು ಹನಿ ಗ್ರೀಸೂ ಒಳಗೆ ಹೋಗಿಲ್ಲ.

ಬುಷ್ ಬಿಚ್ಚಿಸಿದಾಗ ಮೊಟ್ಟೆ ಆಕಾರಕ್ಕೆ ಬಂದಿತ್ತು. ಲೇತ್‌ನಲ್ಲಿ ಹೊಸ ಗನ್‌ಮೆಟಲ್ ಬುಷ್ ಮಾಡಿಸಿ, ಪಿನ್ನು ಮತ್ತು ಬಾಲ್ ಜಾಯಿಂಟ್ ಹೊಸದು ಹಾಕಿಸಿದೆ. ಈಗ ಪ್ಲೇ ಎರಡು ಬೆರಳಷ್ಟೇ, ನಡುಕ ಹೋಯಿತು. ಬಾಕ್ಸ್ ಮುಟ್ಟಿಲ್ಲ. ಬಲಕ್ಕೆ ಇನ್ನೂ ಸ್ವಲ್ಪ ಭಾರ ಇದೆ, ಯಾಕಿರಬಹುದು?

ಗ್ರೀಸ್ ಗನ್, ಚಿತ್ರದುರ್ಗ:

ಬಲಗಡೆ ಕಿಂಗ್ ಪಿನ್ನಿನ ನಿಪ್ಪಲ್ಲೂ ಕೆರೆದು ನೋಡಿ, ಅದಕ್ಕೂ ಅದೇ ಪೇಂಟ್ ಹೊಡೆದಿರುತ್ತಾರೆ. ಗ್ರೀಸ್ ಹೊಡೆಯುವಾಗ ಗಾಲಿ ಎತ್ತಿ ಇಟ್ಟಿರಿ, ಗಾಡಿಯ ಭಾರ ಇದ್ದರೆ ಆ ಭಾರ ಹೊರುವ ಥ್ರಸ್ಟ್ ಬೇರಿಂಗಿಗೆ ಗ್ರೀಸ್ ಹೋಗುವುದಿಲ್ಲ. ಹಳೇ ಕಪ್ಪು ಗ್ರೀಸ್ ಪೂರ್ತಿ ಹೊರಗೆ ಬಂದು ಹೊಸದು ಕಾಣುವವರೆಗೂ ಹೊಡೆಯಿರಿ.